ದರ್ಜಿಯಲ್ಲದ ಟೇಲರ್‌ಗೆ ಕನ್ನಡದಲ್ಲಿ ಏನನ್ನೋಣ?

ಪದಬಲ್ಲವರಿಗೆಲ್ಲ ನಮಸ್ಕಾರ.

ಡೊರೊಥಿ ಎಲ್. ಸೇಯರ್ಸ್ 1934ರಲ್ಲಿ ಬರೆದ ‘ದ ನೈನ್ ಟೇಲರ್ಸ್’ ಎಂಬ ಪತ್ತೇದಾರಿ ಕಾದಂಬರಿಯನ್ನು ಕನ್ನಡಕ್ಕೆ ತರುವ ಕೆಲಸ ಹಿಡಿದಿದ್ದೇನೆ. ಹೆಸರಿನಲ್ಲೇ ಗಾಡಿ ನಿಂತಿದೆ. ‘ಒಂಬತ್ತು ದರ್ಜಿಗಳು’ ಎಂದು ಬರೆದರೆ ಮುಗಿಯಿತು, ಪುಸ್ತಕ ಕೆಟ್ಟಿತು. ಹೊಲಿಗೆಗೂ ಈ ಕತೆಗೂ ಸಂಬಂಧವೇ ಇಲ್ಲ.

ಇಂಗ್ಲೆಂಡಿನ ಹಳ್ಳಿಗಳಲ್ಲಿ ಯಾರಾದರೂ ತೀರಿಕೊಂಡರೆ ಚರ್ಚಿನ ದೊಡ್ಡ ಗಂಟೆ ಬಾರಿಸಿ ಊರಿಗೆ ತಿಳಿಸುವ ಪದ್ಧತಿ ಇತ್ತು. ಲೆಕ್ಕ ಊರಿಂದೂರಿಗೆ ಸ್ವಲ್ಪ ಬೇರೆಯಾದರೂ ಈ ಕಾದಂಬರಿ ಹಿಡಿದಿರುವ ಲೆಕ್ಕ ಇದು: ಗಂಡಸಾದರೆ ಮೂರರಂತೆ ಮೂರು ಸಲ, ಒಟ್ಟು ಒಂಬತ್ತು ಪೆಟ್ಟು, ಹೆಂಗಸಾದರೆ ಆರು. ಆಮೇಲೆ ಸ್ವಲ್ಪ ಬಿಟ್ಟು, ಸತ್ತವರಿಗೆ ಎಷ್ಟು ವಯಸ್ಸೋ ಅಷ್ಟು ಪೆಟ್ಟು. ಹೊಲದಲ್ಲಿದ್ದವನು ಕೆಲಸ ನಿಲ್ಲಿಸಿ ಎಣಿಸಿದರೆ ಹೋದವರು ಯಾರೆಂದು ಅಂದಾಜಾಗುತ್ತಿತ್ತು. ಈ ಮೊದಲ ಪೆಟ್ಟುಗಳಿಗೇ ‘ಟೇಲರ್’ ಎಂದು ಹೆಸರು. ಎಣಿಸಿ ಹೇಳುವುದು ಎಂಬರ್ಥದ ‘ಟೆಲ್ಲರ್’ ಬಾಯಿಂದ ಬಾಯಿಗೆ ಸವೆದು ಹೀಗಾಯಿತು ಎಂಬುದು ವಾಡಿಕೆಯ ವಿವರಣೆ. ಇನ್ನೊಂದು ಕಡೆ, ಒಂಬತ್ತು ದರ್ಜಿಗಳು ಸೇರಿದರೆ ಒಬ್ಬ ಗಂಡಸು ಎಂಬ ಹಳೆಯ ಗೇಲಿಮಾತೂ ಇಂಗ್ಲಿಷಿನಲ್ಲಿದೆ. ಪಾಪ, ದರ್ಜಿಗಳನ್ನು ಪುಕ್ಕಲರೆಂದು ಹಂಗಿಸುವ ಗಾದೆ. ಎರಡೂ ಒಂದಕ್ಕೊಂದು ಅಂಟಿಕೊಂಡು, ಗಂಟೆಯ ಮೇಲೆ ಕೆತ್ತುವಂಥ ಮಾತಾಗಿ ಈ ಕಾದಂಬರಿಯ ಹೆಸರಿನಲ್ಲಿ ಕೂತಿವೆ.

ಸದ್ಯಕ್ಕೆ ನನ್ನ ಆಯ್ಕೆ ‘ಒಂಬತ್ತು ಪೆಟ್ಟು’. ಗಂಟೆಗೂ ಪೆಟ್ಟು ಅನ್ನುತ್ತೇವೆ, ಏಟಿಗೂ ಪೆಟ್ಟು ಅನ್ನುತ್ತೇವೆ. ಕೊಲೆಯ ಕತೆಗೆ ಎರಡೂ ಒದಗುತ್ತವೆ. ‘ಬಡಿತ’ ಅಂದರೆ ಎದೆಬಡಿತ ಮೊದಲು ನೆನಪಾಗುತ್ತದೆ. ‘ನಾದ’ ತೀರಾ ಭಜನೆಯ ಕಡೆ ವಾಲುತ್ತದೆ. ದರ್ಜಿಯ ಗೇಲಿ ಕೈಬಿಟ್ಟುಹೋಗುತ್ತದೆ, ಅದಕ್ಕೆ ನಾನು ಅಳುವುದಿಲ್ಲ. ಇದಕ್ಕಿಂತ ಒಳ್ಳೆಯದು ಹೊಳೆದರೆ ತಿಳಿಸಿ.

ಒಂದು ಹೆಸರಿಗೆ ಇಷ್ಟೇಕೆ ತಲೆ ಕೆಡಿಸಿಕೊಳ್ಳಬೇಕು ಎಂದು ಕೇಳುವವರಿಗೆ ಈ ಲೇಖಕಿಯ ಪರಿಚಯ ಸ್ವಲ್ಪ ಬೇಕು. ಹುಟ್ಟಿದ್ದು 1893ರಲ್ಲಿ, ಆಕ್ಸ್‌ಫರ್ಡಿನಲ್ಲಿ. ತಂದೆ ಪಾದ್ರಿ, ಅಲ್ಲಿನ ಕ್ರೈಸ್ಟ್ ಚರ್ಚ್ ಕೆಥೀಡ್ರಲ್‌ನ ಹುಡುಗರ ಶಾಲೆಗೆ ಮುಖ್ಯೋಪಾಧ್ಯಾಯ. ಮಗುವಿಗೆ ನಾಲ್ಕು ವರ್ಷವಾದಾಗ ಅವರಿಗೆ ಬ್ಲಂಟಿಶಮ್ ಎಂಬ ಹಳ್ಳಿಯ ಚರ್ಚು ಸಿಕ್ಕಿತು. ಪೂರ್ವ ಇಂಗ್ಲೆಂಡಿನ ಫೆನ್ ಸೀಮೆಯ ಅಂಚಿನ ಊರು. ಮುಂದೆ ತಂದೆಗೆ ಸಿಕ್ಕ ಇನ್ನೊಂದು ಊರೂ ಅದೇ ಸೀಮೆಯದು. ಕಣ್ಣು ಹಾಯಿಸಿದಷ್ಟು ದೂರ ಸಪಾಟು ನೆಲ, ಕಾಲುವೆ, ದಿಬ್ಬದ ಮೇಲೊಂದು ಗಂಟೆಗೋಪುರ. ಕಾದಂಬರಿಯ ಫೆನ್‌ಚರ್ಚ್ ಸೇಂಟ್ ಪಾಲ್ ಕಟ್ಟುಕತೆಯ ಊರಾದರೂ ನೆಲ ಈಕೆ ಬೆಳೆದ ನೆಲವೇ. ಅಲ್ಲಿನ ಮರೆಗುಳಿ, ಮೃದು ಮನಸ್ಸಿನ ಪಾದ್ರಿ ವೆನಬಲ್ಸ್‌ನಲ್ಲಿ ಆಕೆಯ ತಂದೆಯನ್ನು ಕಂಡವರು ಬಹಳ.

1912ರಲ್ಲಿ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡಿನ ಸಾಮರ್ವಿಲ್ ಕಾಲೇಜು ಸೇರಿ, 1915ರಲ್ಲಿ ಮೊದಲ ದರ್ಜೆಯಲ್ಲಿ ಓದು ಮುಗಿಸಿದರು. ಪದವಿ ಮಾತ್ರ ಕೈಗೆ ಬಂದದ್ದು 1920ರಲ್ಲಿ, ಏಕೆಂದರೆ ಅಲ್ಲಿಯವರೆಗೆ ಹೆಂಗಸರಿಗೆ ಪರೀಕ್ಷೆ ಬರೆಯಲು ಬಿಡುತ್ತಿದ್ದರೇ ಹೊರತು ಪದವಿ ಕೊಡುತ್ತಿರಲಿಲ್ಲ. ಲಾರ್ಡ್ ಪೀಟರ್ ವಿಮ್ಸಿ ಎಂಬ ಶ್ರೀಮಂತ ಹವ್ಯಾಸಿ ಪತ್ತೇದಾರ ಹುಟ್ಟಿದ್ದು 1923ರ ಮೊದಲ ಕಾದಂಬರಿಯಲ್ಲಿ. 1922ರಿಂದ 1931ರವರೆಗೆ ಹೊಟ್ಟೆಪಾಡಿಗೆ ಲಂಡನ್ನಿನ ಬೆನ್ಸನ್ಸ್ ಜಾಹೀರಾತು ಕಂಪನಿಯಲ್ಲಿ ಕೆಲಸ. ಗಿನ್ನೆಸ್ ಬಿಯರಿನ ಟೂಕನ್ ಹಕ್ಕಿಯ ಜಾಹೀರಾತಿನ ಪ್ರಾಸ ಆಕೆಯದೇ. ಒಂದೊಂದು ಪದಕ್ಕೂ ದುಡ್ಡಿನ ಲೆಕ್ಕ ಇರುವ ಜಾಗದಲ್ಲಿ ಒಂಬತ್ತು ವರ್ಷ ಪಳಗಿದ ಕೈ ಅದು; ಸುಮ್ಮನೆ ಬಿದ್ದ ಪದ ಅಲ್ಲಿ ಸಿಗುವುದು ಕಷ್ಟ.

ಇನ್ನೂ ಮುಖ್ಯವಾದದ್ದು ಡಿಟೆಕ್ಷನ್ ಕ್ಲಬ್. 1930ರಲ್ಲಿ ಲಂಡನ್ನಿನಲ್ಲಿ ಪತ್ತೇದಾರಿ ಲೇಖಕರು ಕಟ್ಟಿಕೊಂಡ ಕೂಟ. ಚೆಸ್ಟರ್‌ಟನ್ ಮೊದಲ ಅಧ್ಯಕ್ಷರು, 1949ರಿಂದ ಸಾಯುವವರೆಗೂ ಸೇಯರ್ಸ್. ಸೇರುವವರು ತಲೆಬುರುಡೆಯ ಮೇಲೆ ಕೈಯಿಟ್ಟು ಪ್ರಮಾಣ ಮಾಡಬೇಕಿತ್ತು. ನನ್ನ ಪತ್ತೇದಾರ ದೈವಪ್ರೇರಣೆ, ಕಣ್ಕಟ್ಟು, ಕಾಕತಾಳೀಯಗಳನ್ನು ನಂಬಿ ಗುಟ್ಟು ಬಿಡಿಸುವುದಿಲ್ಲ, ಮುಖ್ಯ ಸುಳಿವನ್ನು ಓದುಗರಿಂದ ಮುಚ್ಚಿಡುವುದಿಲ್ಲ ಎಂದು. ತಮಾಷೆಯ ಪ್ರಮಾಣ, ಆದರೆ ಒಳಗೆ ಗಂಭೀರ. ನನ್ನ ಕಷ್ಟ ಇಲ್ಲಿಂದಲೇ ಶುರು. ಮೂಲ ಲೇಖಕಿ ಪುಟದ ಮೇಲಿಟ್ಟ ಸುಳಿವನ್ನು ಅನುವಾದಕ ಅಸಡ್ಡೆಯ ಪದ ಹಾಕಿ ಮುಚ್ಚಿಬಿಟ್ಟರೆ ಪ್ರಮಾಣ ಮುರಿದವನು ಅವನೇ. ಈ ಕಾದಂಬರಿಯಲ್ಲಂತೂ ಸುಳಿವುಗಳು ಗಂಟೆ ಬಾರಿಸುವವರ ಪರಿಭಾಷೆಯೊಳಗೇ ಅಡಗಿವೆ. ಹಾಗಾಗಿ ಒಂದೊಂದೇ ಕೇಳುತ್ತೇನೆ. ಕೊನೆಯ ಗುಟ್ಟನ್ನು ಇಲ್ಲಿ ಬಿಡುವುದಿಲ್ಲ, ಧೈರ್ಯವಾಗಿ ಓದಿ.

ಮೊದಲ ತೊಡಕು ‘ಗಂಟೆ’ ಎಂಬ ನಮ್ಮದೇ ಪದ. ಕತೆ ಶುರುವಾಗುವುದು ಹೊಸವರ್ಷದ ಹಿಂದಿನ ರಾತ್ರಿ. ಹಿಮದಲ್ಲಿ ವಿಮ್ಸಿಯ ಕಾರು ಹಳ್ಳಕ್ಕೆ ಜಾರಿ, ಅವನು ಪಾದ್ರಿಯ ಮನೆ ಸೇರುತ್ತಾನೆ. ಅಂದು ರಾತ್ರಿಯಿಡೀ ಎಂಟು ಗಂಟೆಗಳನ್ನು ಒಂಬತ್ತು ಗಂಟೆ ಕಾಲ ಬಾರಿಸುವ ಏರ್ಪಾಟು. ಬಾರಿಸುವವನೊಬ್ಬ ಜ್ವರ ಬಂದು ಮಲಗಿದ್ದರಿಂದ ವಿಮ್ಸಿ ಅವನ ಹಗ್ಗ ಹಿಡಿಯುತ್ತಾನೆ. ಈಗ ನೋಡಿ: ‘ಎಂಟು ಗಂಟೆ ಒಂಬತ್ತು ಗಂಟೆ ಬಾರಿಸಿದವು’. ಓದುಗ ಗಡಿಯಾರ ನೋಡಿಕೊಳ್ಳುತ್ತಾನೆ! ‘ಹನ್ನೆರಡು ಗಂಟೆಗೆ ಗಂಟೆ ಹೊಡೆಯಿತು’ ಎಂಬಲ್ಲಿ ಎಷ್ಟನೆಯ ಗಂಟೆ, ಎಷ್ಟು ಗಂಟೆ? ಕಾಲಕ್ಕೆ ‘ತಾಸು’ ಇಟ್ಟುಕೊಂಡರೆ ಸಲೀಸು. ಧಾರವಾಡ, ಬೆಳಗಾವಿ ಕಡೆ ದಿನಬಳಕೆಯ ಮಾತು, ಮೈಸೂರಿನವರಿಗೂ ಅರ್ಥವಾಗದ್ದೇನಲ್ಲ. ಲೋಹದ್ದಕ್ಕೆ ಮಹಾಪ್ರಾಣದ ‘ಘಂಟೆ’, ಕಾಲಕ್ಕೆ ‘ಗಂಟೆ’ ಎಂದು ಬರವಣಿಗೆಯಲ್ಲೇ ಬೇರೆ ಮಾಡಿ ಎಂದು ಗೆಳೆಯರೊಬ್ಬರ ಸಲಹೆ. ಕಣ್ಣಿಗೆ ಸರಿ, ಕಿವಿಗೆ ಕೇಳಿಸುವುದಿಲ್ಲ. ಪುಸ್ತಕವನ್ನು ಗಟ್ಟಿಯಾಗಿ ಓದುವವರು ಇನ್ನೂ ಇದ್ದಾರೆ. ನಾನು ತಾಸಿನ ಕಡೆ.

ಈಗ ನನ್ನ ದೊಡ್ಡ ಪ್ರಶ್ನೆ. ಇಂಗ್ಲಿಷರು ಚರ್ಚಿನ ಗಂಟೆಗಳಲ್ಲಿ ರಾಗ ನುಡಿಸುವುದಿಲ್ಲ, ‘ಚೇಂಜ್ ರಿಂಗಿಂಗ್’ ಮಾಡುತ್ತಾರೆ. ಒಬ್ಬೊಬ್ಬರು ಒಂದೊಂದು ಹಗ್ಗ ಹಿಡಿದು ನಿಲ್ಲುತ್ತಾರೆ. ಸಣ್ಣ ಗಂಟೆಯಿಂದ ದೊಡ್ಡದರವರೆಗೆ ಸಾಲಾಗಿ ಒಂದು ಸುತ್ತು, ಆಮೇಲೆ ಪ್ರತಿ ಸುತ್ತಿಗೂ ಸಾಲಿನ ಕ್ರಮ ಬದಲು. ಒಮ್ಮೆ ಬಂದ ಸಾಲು ಇನ್ನೊಮ್ಮೆ ಬರಕೂಡದು. ಗಂಟೆಯನ್ನು ದೊಡ್ಡ ಚಕ್ರಕ್ಕೆ ಕಟ್ಟಿರುತ್ತಾರೆ. ಅದು ಬಾಯಿ ಮೇಲಾಗಿ ನಿಂತು, ಒಂದು ಪೂರ್ತಿ ಸುತ್ತು ತಿರುಗಿ ಮತ್ತೆ ಬಾಯಿ ಮೇಲಾಗುತ್ತದೆ. ಅಂಥ ಭಾರವನ್ನು ಚೂರು ತಡೆಯಬಹುದು, ಚೂರು ಅವಸರಿಸಬಹುದು, ಅಷ್ಟೇ. ಅದಕ್ಕೇ ಒಂದು ಸಾಲಿನಿಂದ ಮುಂದಿನ ಸಾಲಿಗೆ ಯಾವ ಗಂಟೆಯೂ ಒಂದು ಸ್ಥಾನಕ್ಕಿಂತ ಹೆಚ್ಚು ಸರಿಯುವಂತಿಲ್ಲ.

ಈ ‘ಚೇಂಜ್’ಗೆ ‘ಬದಲಾವಣೆ’ ಎಂದರೆ ಸಪ್ಪೆ. ಗಣಿತದ ಪಠ್ಯದಲ್ಲಿ ‘ಕ್ರಮಯೋಜನೆ’ ಇದೆ. ಅರ್ಥ ಚೊಕ್ಕವಾಗಿ ಅದೇ, ಆದರೆ ಹಳ್ಳಿಯ ಮುದುಕ ಹೆಜೆಕಾಯ ಲ್ಯಾವೆಂಡರನ ಬಾಯಲ್ಲಿ ಆ ಪದ ಹಾಕಲು ನನಗೆ ಧೈರ್ಯವಿಲ್ಲ. ನನಗೆ ಒಪ್ಪಿದ್ದು ‘ಪ್ರಸ್ತಾರ’. ಶಾರ್ಙ್ಗದೇವನ ಸಂಗೀತರತ್ನಾಕರದಲ್ಲಿ ಸ್ವರಪ್ರಸ್ತಾರ ಬರುತ್ತದೆ. ಏಳು ಸ್ವರಗಳನ್ನು ಒಂದನ್ನೂ ಬಿಡದೆ, ಒಂದನ್ನೂ ಎರಡು ಸಲ ಹಾಕದೆ, ಎಷ್ಟು ಬಗೆಯಲ್ಲಿ ಜೋಡಿಸಬಹುದು? 5040. ಇಂಗ್ಲಿಷ್ ಗಂಟೆಗೋಪುರದಲ್ಲಿ ಏಳು ಗಂಟೆಗಳ ಪೂರ್ತಿ ಆವೃತ್ತಿಗೆ ಎಷ್ಟು ಸಾಲು? ಅದೇ 5040. ಮೂರು ತಾಸಿನ ಕೆಲಸ. 13ನೆಯ ಶತಮಾನದ ದೇವಗಿರಿಯಲ್ಲಿ ಕೂತು ಲೆಕ್ಕ ಹಾಕಿದವನಿಗೂ, ಕೆಲವು ಶತಮಾನದ ನಂತರ ಹಗ್ಗ ಹಿಡಿದ ಇಂಗ್ಲಿಷ್ ಹಳ್ಳಿಗರಿಗೂ ಪರಿಚಯವಿರಲಿಲ್ಲ; ಲೆಕ್ಕ ಮಾತ್ರ ಒಂದೇ ಕಡೆ ತಂದು ನಿಲ್ಲಿಸಿತು. ಎಂಟು ಗಂಟೆಗಾದರೆ 40,320. 1963ರಲ್ಲಿ ಲಫ್‌ಬರೊದಲ್ಲಿ ಎಂಟು ಜನ ಅಷ್ಟನ್ನೂ ಬಾರಿಸಿ ಮುಗಿಸಿದರು, ಹತ್ತಿರ ಹತ್ತಿರ 18 ತಾಸು, ನಡುವೆ ಕೈ ಬದಲಿಸದೆ. ವಿಮ್ಸಿಯ ರಾತ್ರಿಯದು 15,840. ಒಂಬತ್ತು ತಾಸಿಗೆ ಹಂಚಿ ನೋಡಿದೆ: ನಿಮಿಷಕ್ಕೆ ಸುಮಾರು 29 ಸಾಲು, ಸೆಕೆಂಡಿಗೆ ನಾಲ್ಕು ಪೆಟ್ಟಿನ ಹತ್ತಿರ. ನಿಜವಾದ ಗೋಪುರಗಳಲ್ಲಿ ಬಾರಿಸುವ ವೇಗವೂ ಇಷ್ಟೇ. ಲೇಖಕಿ ಅಂಕಿಯನ್ನು ಬಾಯಿಗೆ ಬಂದಂತೆ ಹಾಕಿದ್ದಲ್ಲ.

ಆಕ್ಷೇಪ ಎಲ್ಲಿಂದ ಬರುತ್ತದೆಂದು ಗೊತ್ತು. ‘ಪ್ರಸ್ತಾರ ಹಾಕಿ ಗಣ ವಿಂಗಡಿಸಿ’ ಎಂಬ ಪರೀಕ್ಷೆಯ ಪ್ರಶ್ನೆ ನಮಗೆಲ್ಲ ಬಾಯಿಪಾಠ. ಅಲ್ಲಿ ಪ್ರಸ್ತಾರ ಎಂದರೆ ಪದ್ಯದ ಮೇಲೆ ಗುರು ಲಘು ಗುರುತು ಹಾಕುವುದು ಎಂದಷ್ಟೇ ಉಳಿದಿದೆ. ಆದರೆ ಛಂದಸ್ಸಿನವರ ಷಟ್ಪ್ರತ್ಯಯಗಳಲ್ಲಿ ಮೊದಲನೆಯದಾದ ಪ್ರಸ್ತಾರ ಅದಲ್ಲ. ಇಷ್ಟು ಅಕ್ಷರದ ಪಾದದಲ್ಲಿ ಗುರು ಲಘುಗಳು ಬರಬಹುದಾದ ಎಲ್ಲ ಬಗೆಗಳನ್ನೂ ಸಾಲುಸಾಲಾಗಿ ಹರಡಿ ತೋರಿಸುವುದು. ಆ ಹಳೆಯ ಅರ್ಥಕ್ಕೆ ಪದವನ್ನು ಮರಳಿ ಎಳೆದು ತಂದರೆ ತಪ್ಪೇನು? ಶಾಲೆಯ ನೆನಪು ಅಡ್ಡ ಬರುತ್ತದೆಯೋ, ಇಲ್ಲವೋ? ಇದಕ್ಕೆ ಮೇಷ್ಟ್ರುಗಳ ಉತ್ತರ ನಿರೀಕ್ಷಿಸುತ್ತೇನೆ.

ಒಟ್ಟು ಕಲೆಗೆ ಪ್ರಸ್ತಾರ ಎಂದಾದರೆ, ಬಿಡಿ ‘ಮೆಥಡ್’ಗಳಿಗೆ? ಕೆಂಟ್ ಟ್ರೆಬಲ್ ಬಾಬ್, ಗ್ರ್ಯಾಂಡ್‌ಸೈರ್, ಸ್ಟೆಡ್ಮನ್ ಎಂದು ಹತ್ತಾರು ಹೆಣಿಗೆಗಳಿವೆ. ‘ವಿಧಾನ’, ‘ಪದ್ಧತಿ’ ಎಂದರೆ ಅಡುಗೆ ಪುಸ್ತಕ. ನಮ್ಮ ಕೋಲಾಟದವರು ಒಂದೊಂದು ಹೆಣಿಗೆಗೆ ‘ಕೋಪು’ ಎನ್ನುತ್ತಾರೆ. ಜಡೆ ಕೋಲಾಟ ನೋಡಿದವರಿಗೆ ಹೇಳುವುದೇ ಬೇಡ: ಒಬ್ಬರು ಒಳಗೆ, ಒಬ್ಬರು ಹೊರಗೆ, ಒಂದೊಂದೇ ಹೆಜ್ಜೆ ಸರಿಯುತ್ತ ದಾರಗಳು ಹೆಣೆದುಕೊಳ್ಳುತ್ತವೆ. ಗಂಟೆಗಳ ಸಾಲನ್ನು ಹಾಳೆಯಲ್ಲಿ ಬರೆದು ಒಂದೇ ಗಂಟೆಯ ಜಾಡಿಗೆ ಗೆರೆ ಎಳೆದರೆ ಕಾಣುವುದೂ ಅದೇ. ‘ಕೆಂಟ್ ಕೋಪು’, ‘ಗ್ರ್ಯಾಂಡ್‌ಸೈರ್ ಕೋಪು’. ಕಿವಿಗೆ ಹಿತವಾಗಿದೆ, ಹಳ್ಳಿಯವರ ಬಾಯಿಗೂ ಹೊಂದುತ್ತದೆ. ಕೋಲಾಟದ ತಂಡಗಳ ಒಡನಾಟ ಇರುವವರು ದಯವಿಟ್ಟು ಬರೆಯಿರಿ. ಈ ಪದ ನಿಮ್ಮ ಕಡೆ ಹೆಜ್ಜೆಗೆ ಹೇಳುತ್ತಾರೋ, ಹೆಣಿಗೆಗೋ, ಎರಡಕ್ಕೂ ಹೇಳುತ್ತಾರೋ?

‘ಟ್ರಿಪಲ್ಸ್’ಗೂ ಇಲ್ಲೇ ಒಂದು ಮಾತು. ಅದು ಮೂರು ಪಟ್ಟು ಅಲ್ಲ. ಏಳು ಗಂಟೆಗಳಲ್ಲಿ ಒಮ್ಮೆಗೆ ಮೂರು ಜೋಡಿ ಜಾಗ ಬದಲಿಸಿಕೊಳ್ಳಬಹುದು, ಅದಕ್ಕೆ ಆ ಹೆಸರು. ಮುಜ್ಜಗ, ಮುಕ್ಕಣ್ಣ ಇರುವಾಗ ‘ಮುಜ್ಜೋಡಿ’ ಯಾಕಾಗಬಾರದು? ಐದು ಗಂಟೆಯ ‘ಡಬಲ್ಸ್’ಗೆ ‘ಇಜ್ಜೋಡಿ’.

ಇನ್ನು ಸದ್ದು. ಹೊಸವರ್ಷದ ರಾತ್ರಿ ಗಂಟೆಗಳು ಎದ್ದು ಹಾಡುವ ಜಾಗದಲ್ಲಿ ಸೇಯರ್ಸ್ ಬರೀ ಸದ್ದಿನ ಒಂದು ಸಾಲು ಬರೆಯುತ್ತಾರೆ: ‘ಟಿನ್ ಟ್ಯಾನ್ ಡಿನ್ ಡ್ಯಾನ್ ಬಿಮ್ ಬ್ಯಾಮ್ ಬಾಮ್ ಬೋ’, ಅದರ ಹಿಂದೆಯೇ ‘ಟ್ಯಾನ್ ಟಿನ್ ಡಿನ್ ಡ್ಯಾನ್ ಬ್ಯಾಮ್ ಬಿಮ್ ಬೋ ಬಾಮ್’. ಮೊದಲ ಓದಿಗೆ ಮಕ್ಕಳ ಪದ್ಯದ ಹಾಗಿದೆ. ಅಂಕಿ ಹಾಕಿ ನೋಡಿ. ಮೊದಲ ಸಾಲು 1 2 3 4 5 6 7 8. ಎರಡನೆಯದು 2 1 3 4 6 5 8 7. ಮೂರೂ ನಾಲ್ಕೂ ಕದಲದೆ ನಿಂತು ಉಳಿದ ಜೋಡಿಗಳು ಮಾತ್ರ ಅದಲುಬದಲಾಗಿವೆ. ಕೆಂಟ್ ಕೋಪು ಶುರುವಾಗುವುದು ಹೀಗೆಯೇ! ಮುಂದಿನ ಸಾಲುಗಳನ್ನೂ ತಾಳೆ ನೋಡಿದೆ, ಒಂದೂ ತಪ್ಪಿಲ್ಲ. ಈಕೆ ಇದನ್ನು ಗೋಪುರ ಹತ್ತಿ ಹಗ್ಗ ಎಳೆದು ಕಲಿತದ್ದಲ್ಲ. ಪುಸ್ತಕ ಇಟ್ಟುಕೊಂಡು ಹಾಳೆಗಟ್ಟಲೆ ಸಾಲು ಬರೆದು ಬರೆದು ಕೈಗೆ ತಂದುಕೊಂಡದ್ದು. ಕಾದಂಬರಿಯ ಅಧ್ಯಾಯಗಳ ತಲೆಯಲ್ಲಿ ಟ್ರಾಯ್ಟ್ ಎಂಬಾತ ಗಂಟೆ ಬಾರಿಸುವುದರ ಬಗ್ಗೆ ಬರೆದ ಕೈಪಿಡಿಯ ಸಾಲುಗಳಿವೆ.

ಹಾಗಾಗಿ ‘ಢಣ ಢಣ’ ಎಂದು ಬರೆದು ಜಾರಿಕೊಳ್ಳುವ ಹಾಗಿಲ್ಲ. ಒಂದಕ್ಕಿಂತ ಒಂದು ಭಾರವಾಗುತ್ತ ಹೋಗುವ, ಒಂದರ ಹಾಗೆ ಇನ್ನೊಂದಿಲ್ಲದ ಎಂಟು ಸದ್ದು ಬೇಕು. ಅದಲುಬದಲಾದಾಗ ಕಿವಿ ಗುರುತು ಹಿಡಿಯಬೇಕು. ನಾನು ಹಾಕಿಕೊಂಡಿರುವುದು ಇದು:

ಟಿಣ್ ಟಣ್ ಡಿಣ್ ಡಣ್ ಬಿಂ ಬಂ ಬೋಂ ಢೋ
ಟಣ್ ಟಿಣ್ ಡಿಣ್ ಡಣ್ ಬಂ ಬಿಂ ಢೋ ಬೋಂ

ಕೊನೆಯ ‘ಢೋ’ ಟೇಲರ್ ಪಾಲ್ ಎಂಬ ಹೆಸರಿನ ದೊಡ್ಡ ಗಂಟೆಯದು, ಸಾವನ್ನು ಸಾರುವುದೂ ಅದೇ. ಅದಕ್ಕೆ ಮಹಾಪ್ರಾಣ ಕೊಟ್ಟಿದ್ದೇನೆ. ‘ಬೋಂ’ ನನಗೇ ಅಷ್ಟು ಒಪ್ಪಿಗೆಯಿಲ್ಲ, ಮಕ್ಕಳ ಆಟಿಕೆ ಕಾರಿನ ಹಾಗೆ ಕೇಳಿಸುತ್ತದೆ. ಅನುಕರಣ ಪದಗಳಲ್ಲಿ ಕನ್ನಡ ಬಡವಿಯಲ್ಲ. ಇನ್ನೂ ಒಳ್ಳೆಯ ಎಂಟು ಯಾರ ಕಿವಿಗಾದರೂ ಬಿದ್ದರೆ ಕಳಿಸಿ. ಸೇಯರ್ಸ್ ಸ್ವತಃ ಅನುವಾದಕಿ. ಡಾಂಟೆಯ ಮಹಾಕಾವ್ಯಕ್ಕೆ ಇಂಗ್ಲಿಷಿನಲ್ಲೂ ಮೂಲದ ಮೂರು ಸಾಲಿನ ಹೆಣೆದ ಪ್ರಾಸವೇ ಬೇಕೆಂದು ಹಟ ಹಿಡಿದವರು. ಮೊದಲ ಭಾಗ 1949ರಲ್ಲಿ, ಎರಡನೆಯದು 1955ರಲ್ಲಿ ಬಂತು; ಮೂರನೆಯದು ಅರ್ಧದಲ್ಲಿರುವಾಗ 1957ರ ಡಿಸೆಂಬರಿನಲ್ಲಿ ತೀರಿಕೊಂಡರು, ಗೆಳತಿ ಬಾರ್ಬರಾ ರೆನಾಲ್ಡ್ಸ್ ಪೂರ್ತಿ ಮಾಡಿದರು. ಅಂಥವರ ಎಂಟು ಸದ್ದನ್ನು ನಾನು ಏಳು ಮಾಡಿದರೆ ನಾಚಿಕೆ.

ಗುಪ್ತಲಿಪಿಯ ಕಷ್ಟ ಇದಕ್ಕೆ ಅಂಟಿಕೊಂಡೇ ಇದೆ. ಕತೆಯಲ್ಲಿ ಸಿಗುವ ಒಂದು ವಿಚಿತ್ರ ಕಾಗದಕ್ಕೆ ಗಂಟೆಯೊಂದು ಸಾಲುಗಳ ನಡುವೆ ಸರಿಯುವ ಜಾಡೇ ಕೀಲಿ. ಆ ಜಾಡಿನಲ್ಲಿ ಬರುವ ಅಕ್ಷರಗಳನ್ನು ಹೆಕ್ಕಿದರೆ ಒಳಗಿನ ಮಾತು ತೆರೆಯುತ್ತದೆ. ಇಂಗ್ಲಿಷಿನಲ್ಲಿ ಒಂದು ಅಕ್ಷರ ಎಂದರೆ ಒಂದು ಅಕ್ಷರ. ನಮ್ಮಲ್ಲಿ? ‘ಸ್ತ್ರೀ’ ಒಂದೋ, ನಾಲ್ಕೋ? ಬರೆದಂತೆ ಎಣಿಸಿದರೆ ಒಂದು, ವರ್ಣಮಾಲೆಯಂತೆ ಬಿಡಿಸಿದರೆ ನಾಲ್ಕು. ನನ್ನ ಒಲವು ಬರೆದಂತೆ ಎಣಿಸುವುದಕ್ಕೆ, ಓದುಗ ಪೆನ್ಸಿಲ್ ಹಿಡಿದು ಕೂತರೆ ಅವನ ಕೈ ಹೋಗುವುದು ಹಾಗೆಯೇ. ಆದರೆ ಒತ್ತಕ್ಷರದ ಪದಗಳು ಹೊರಗಿನ ಕಾಗದದಲ್ಲಿ ಸಹಜವಾಗಿ ಕೂರುವುದಿಲ್ಲ, ಹೆಕ್ಕಿಕೊಳ್ಳಲು ಒಂಟಿ ಅಕ್ಷರಗಳೇ ಬೇಕಾಗುತ್ತವೆ. ಒತ್ತಕ್ಷರ ಕಡಿಮೆ ಇರುವ ಅಚ್ಚಗನ್ನಡದಲ್ಲಿ ಬರೆದು ನೋಡುತ್ತಿದ್ದೇನೆ. ಪದಬಂಧ ಕಟ್ಟುವವರು ಈ ಗುಂಪಿನಲ್ಲಿದ್ದಾರೆ, ಅವರಿಗೆ ಇದು ದಿನದ ಪಾಡು. ಹಾದಿ ತೋರಿಸಿ.

ಅಧ್ಯಾಯಗಳ ಹೆಸರುಗಳಲ್ಲಿ ಶ್ಲೇಷೆಯ ಸುಗ್ಗಿ. ಗಂಟೆಯೊಂದು ಸಾಲಿನ ತುದಿಯಿಂದ ತುದಿಗೆ ಒಂದೊಂದೇ ಸ್ಥಾನ ಸರಿಯುವುದಕ್ಕೆ ‘ಹಂಟ್’. ಲಾರ್ಡ್ ಪೀಟರ್‌ನನ್ನು ‘ಹಂಟ್’ಗೆ ಕರೆಯುತ್ತಾರೆ, ಅಂದರೆ ಕಳ್ಳನ ಬೇಟೆಗೂ ಹೌದು. ಇದಕ್ಕೆ ‘ಜಾಡು’ ಒದಗಬಹುದು: ಗಂಟೆಗೂ ಜಾಡು, ಪತ್ತೇದಾರನಿಗೂ ಜಾಡು. ‘ಡಾಡ್ಜ್’ ಬಿಡಿಸುವುದು ಕಷ್ಟ. ಮುಂದೆ ಹೋಗುತ್ತಿದ್ದ ಗಂಟೆ ಪಕ್ಕದ್ದರೊಡನೆ ಒಂದು ಹೆಜ್ಜೆ ಹಿಂದೆ ಬಂದು ಮತ್ತೆ ಮುಂದುವರಿಯುವುದು ಅದು. ಪೊಲೀಸ್ ಸೂಪರಿಂಟೆಂಡೆಂಟ್ ಬ್ಲಂಡೆಲ್ ಜೊತೆ ವಿಮ್ಸಿ ‘ಡಾಡ್ಜ್’ ಮಾಡಿ ಅವನನ್ನು ದಾಟುತ್ತಾನೆ ಎಂದು ಒಂದು ತಲೆಬರಹ. ‘ನುಣುಚಿಕೊಳ್ಳು’ ಎಂದರೆ ಕಳ್ಳತನದ ವಾಸನೆ. ‘ಹಿಂದುಮುಂದಾಡು’ ಎಂಬುದೊಂದು ಹೊಳೆದಿದೆ, ಗಟ್ಟಿಯಾಗಿಲ್ಲ.

ನೀರಿನ ಪದಗಳಿಗೆ ಕನ್ನಡದಲ್ಲಿ ಬರವಿಲ್ಲ: ಏರಿ, ತೂಬು, ಕೋಡಿ, ನೀರುಗಂಟಿ. ಆದರೂ ಒಂದು ಅನುಮಾನ. ನಮ್ಮ ತೂಬು ಕೆರೆಯ ನೀರನ್ನು ಗದ್ದೆಗೆ ಬಿಡುವುದಕ್ಕೆ. ಫೆನ್ ಸೀಮೆಯ ಬಾಗಿಲುಗಳ ಕೆಲಸ ಬೇರೆ. ಒಳನಾಡಿನ ನೀರನ್ನು ಸಮುದ್ರದ ಕಡೆ ದಾಟಿಸಬೇಕು, ಉಬ್ಬರದ ನೀರು ಒಳನುಗ್ಗದಂತೆ ತಡೆಯಲೂ ಬೇಕು. 17ನೆಯ ಶತಮಾನದಲ್ಲಿ ಡಚ್ ಎಂಜಿನಿಯರ್ ವರ್ಮೈಡನ್ ಕಾಲುವೆ ತೋಡಿಸಿ ನೀರು ಬಸಿದ ಮೇಲೆ ನೆಲ ಇಂಗಿ ಕುಗ್ಗಿ ನದಿಗಿಂತ ಕೆಳಗಾಯಿತು. ಬಾಗಿಲು ಕೈಕೊಟ್ಟರೆ ಊರಿಗೆ ಊರೇ ನೀರು, ಕಾದಂಬರಿ ಮುಗಿಯುವುದೂ ಅಂಥ ಪ್ರವಾಹದಲ್ಲೇ. ಅಘನಾಶಿನಿ ದಂಡೆಯ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಡೆಯಲು ಇಂಥದೇ ಬಾಗಿಲುಗಳಿವೆ. ಕುಮಟಾ ಕಡೆಯವರು ಅವುಗಳಿಗೆ ಊರಿನಲ್ಲಿ ಏನೆನ್ನುತ್ತಾರೋ ಅದೇ ನನಗೆ ಬೇಕು.

ಸಣ್ಣವು ಎರಡು. ವಿಮ್ಸಿಯ ಸೇವಕ ಬಂಟರ್ ಮಾತುಮಾತಿಗೂ ‘ಮೈ ಲಾರ್ಡ್’ ಎನ್ನುತ್ತಾನೆ. ‘ಬುದ್ಧಿ’ ಎಂದರೆ ಜೀತದಾಳಾಗುತ್ತಾನೆ. ಅವನೋ ಯಜಮಾನನಿಗಿಂತ ಚೊಕ್ಕ ಇಂಗ್ಲಿಷ್ ಆಡುವ, ಯುದ್ಧದಲ್ಲಿ ಅವನ ಜೊತೆಗಿದ್ದ ಸಾರ್ಜೆಂಟ್. ‘ಪ್ರಭೂ’ ಎಂದರೆ ಪೌರಾಣಿಕ ಸಿನಿಮಾ. ‘ಧಣಿಗಳೇ’ ಸದ್ಯಕ್ಕೆ ಇದೆ. ಎರಡನೆಯದು ಲೇಖಕಿಯ ಹೆಸರು: ಮನೆಯವರು ಅದನ್ನು ‘ಸೇರ್ಸ್’ ಎಂದೇ ಉಚ್ಚರಿಸುತ್ತಿದ್ದರು. ಕನ್ನಡದಲ್ಲಿ ‘ಸೇಯರ್ಸ್’ ಬಳಕೆಯಲ್ಲಿದೆ, ನಾನೂ ಹಾಗೇ ಬರೆದಿದ್ದೇನೆ. ಮುಖಪುಟಕ್ಕೆ ಯಾವುದು? ನಡುವಿನ ‘ಎಲ್.’ ಮಾತ್ರ ಬಿಡುವಂತಿಲ್ಲ. ಅದು ತಾಯಿಯ ತವರಿನ ಹೆಸರು ಲೀ; ಬಿಟ್ಟರೆ ಆಕೆಗೆ ಸಿಟ್ಟು ಬರುತ್ತಿತ್ತು.

ಹಕ್ಕಿನ ಬಗ್ಗೆ ಕೇಳುವವರಿಗೆ: ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡು 60 ವರ್ಷಕ್ಕೆ ಹಕ್ಕು ಮುಗಿಯುತ್ತದೆ, 2018ರಿಂದ ಈ ಪುಸ್ತಕ ಇಲ್ಲಿ ಎಲ್ಲರದು.

ಕೊನೆಗೆ ಸಾವಿನ ಗಂಟೆಯದೇ ಹೆಸರು. ಇಂಗ್ಲಿಷಿನ ‘ಪಾಸಿಂಗ್ ಬೆಲ್’ಗೆ ‘ಮರಣಘಂಟೆ’ ಬರೆಯಬಹುದು, ಆದರೆ ಪತ್ರಿಕೆಗಳು ಆ ಪದವನ್ನು ಮುಚ್ಚುವ ಕಾರ್ಖಾನೆಗೂ ಸೋತ ಪಕ್ಷಕ್ಕೂ ಹಾಕಿ ಹಾಕಿ ಸವೆಸಿಬಿಟ್ಟಿವೆ. ಹಳೇ ಮೈಸೂರಿನ ಹಳ್ಳಿಗಳಲ್ಲಿ ದಾಸಯ್ಯ ಶಂಖ ಊದಿ ಜಾಗಟೆ ಬಾರಿಸುತ್ತಾನೆ. ಅದು ಹೆಣದ ಮುಂದೆ ನಡೆಯುವ ಸದ್ದು, ಊರಿಗೆ ಲೆಕ್ಕ ಹೇಳುವುದಲ್ಲ. ಮಂಗಳೂರು, ಉಡುಪಿ ಕಡೆಯ ಇಗರ್ಜಿಗಳಲ್ಲಿ ಸಾವಿಗೆ ಗಂಟೆ ಬಾರಿಸುವುದಿದೆ. ಅಲ್ಲಿನವರು ಮನೆಯಲ್ಲಿ ಅದಕ್ಕೆ ಏನೆನ್ನುತ್ತಾರೆ? ಕನ್ನಡ, ಕೊಂಕಣಿ, ತುಳು ಯಾವುದಾದರೂ ಆಗಲಿ. ಗಂಡಸಿಗೊಂದು ಲೆಕ್ಕ, ಹೆಂಗಸಿಗೊಂದು ಲೆಕ್ಕ ಎಂಬುದು ಅಲ್ಲಿಯೂ ಉಂಟೇ? ಬರೆಯುವಾಗ ಪದದ ಜೊತೆ ಊರಿನ ಹೆಸರನ್ನೂ ಹಾಕಿ.